ಬಾಟಲಿಯಲ್ಲಿ ಮೂವತ್ತು ಮೀಟರ್

ಗಡಿಯಾರದ ಬೆನ್ನ ಮೇಲೆ ‘ಮೂವತ್ತು ಮೀಟರ್ ಆಳದವರೆಗೆ ನೀರಿನ ಭಯವಿಲ್ಲ’ ಎಂದು ಕೊರೆದಿದ್ದರೆ ನಿಮಿಷಣ್ಣ ಅದನ್ನು ನಂಬುತ್ತಿರಲಿಲ್ಲ. ಮೂವತ್ತೆರಡು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಹಾಗೆ ಬರೆಸಿಕೊಂಡ ಎಷ್ಟೋ ಗಡಿಯಾರಗಳು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ, ಮೊಣಕೈ ಆಳದ ನೀರಿನಲ್ಲಿ ಪ್ರಾಣ ಬಿಟ್ಟು ಅವರ ಮೇಜಿಗೆ ಬಂದಿದ್ದವು. ಮುಚ್ಚಳ ಬಿಚ್ಚಿದರೆ ಕೆಂಪಗೆ ತುಕ್ಕು ಹಿಡಿದ ಚಕ್ರ, ಗಾಜಿನೊಳಗೆ ಬೆವರು. ಹೀಗಾಗಿ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿದ್ದ ಸಮುದ್ರ ಅವರ ಕಣ್ಣಿಗೆ ಒಂದು ದೊಡ್ಡ ತುಕ್ಕಿನ ಹಾಗೆ ಕಾಣುತ್ತಿತ್ತು.

ನಿಮಿಷಣ್ಣ ಎನ್ನುವುದು ಗಿರಾಕಿಗಳು ಇಟ್ಟ ಹೆಸರು. ಯಾವ ಗಡಿಯಾರ ಕೊಟ್ಟರೂ “ಒಂದ್ನಿಮಿಷ” ಎನ್ನುತ್ತಿದ್ದರು. ಆ ನಿಮಿಷ ಮುಗಿಯುವುದಕ್ಕೆ ಹದಿನೈದು ದಿನ ಹಿಡಿಯುತ್ತಿತ್ತು.

ಇಂಥವರ ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವ ಸ್ಕೂಬಾ ಡೈವಿಂಗ್ ಕಲಿಯಲು ಸೇರಿಕೊಂಡಳು. ಈಜುಕೊಳದ ಪಾಠಗಳೆಲ್ಲ ಮುಗಿದು, ಈ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ದೋಣಿ. ಮೊದಲ ಸಲ ನಿಜವಾದ ಸಮುದ್ರ. ನಿಮಿಷಣ್ಣನ ಹೆಂಡತಿ ಊರಲ್ಲಿರಲಿಲ್ಲ. ಇದ್ದಿದ್ದರೆ ಈ ಕತೆ ನಡೆಯುತ್ತಲೇ ಇರಲಿಲ್ಲ. ನಿಮಿಷಣ್ಣ ಒಂದು ವಾರ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತು, ಕೊನೆಗೆ ಎರಡು ಷರತ್ತಿನ ಮೇಲೆ ಒಪ್ಪಿದ್ದರು. ನೀರಿಗಿಳಿಯುವವರು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರನ್ನು ಆರಿಸುವವರು ತಾವೇ. ಆಮೇಲೆ ದೋಣಿಯಲ್ಲಿ ಜೊತೆಗೆ ಬರುವವರೂ ತಾವೇ.

ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ಅವರು ಡೈವಿಂಗ್ ಅಂಗಡಿಯ ಬಾಗಿಲಲ್ಲಿದ್ದರು. ಅಂಗಡಿಯೂ ತರಬೇತಿಯೂ ಒಬ್ಬ ಹೆಂಗಸಿನದೇ. ಐವತ್ತರ ಪ್ರಾಯ, ಬಿಸಿಲಿಗೆ ಕಂದಿದ ಮುಖ, ಅಳೆದು ತೂಗಿ ಮಾತು. ಊರೆಲ್ಲ ಆಕೆಯನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿತ್ತು.

“ಇದು ಟೈಮ್ ತೋರಿಸೋ ವಾಚಲ್ಲ ಸರ್,” ಎಂದರು ಕ್ಯಾಪ್ಟನ್. “ಎಷ್ಟು ಆಳದಲ್ಲಿದೀವಿ, ಇನ್ನೆಷ್ಟು ಹೊತ್ತು ಇರಬಹುದು, ಮೇಲೆ ಬರೋವಾಗ ಎಲ್ಲೆಲ್ಲಿ ನಿಲ್ಲಬೇಕು ಅಂತೆಲ್ಲ ಲೆಕ್ಕ ಹಾಕಿ ಹೇಳುತ್ತೆ. ಅವಸರ ಮಾಡಿದ್ರೆ ಕಿರುಚುತ್ತೆ.”

“ಕಿರುಚಿದ್ರೂ ಕೇಳದಿದ್ರೆ?”

“ಮುನಿಸಿಕೊಳ್ಳುತ್ತೆ. ನಲವತ್ತೆಂಟು ಗಂಟೆ ಬೀಗ ಹಾಕ್ಕೊಂಡು ಕೂತ್ಕೊಳ್ಳುತ್ತೆ. ಅಂದ್ರೆ ಎರಡು ದಿನ ನೀರಿನ ಹತ್ತಿರ ಬರಬೇಡ ಅಂತ.”

ಕ್ಯಾಪ್ಟನ್ ಎರಡು ಡಬ್ಬಿ ಮುಂದಿಟ್ಟರು. ಒಂದು ದೊಡ್ಡದು, ಬಣ್ಣದ ಪರದೆ, ನಾಲ್ಕು ಗುಂಡಿ, ದಿಕ್ಸೂಚಿ, ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎನ್ನುವುದನ್ನೂ ತೋರಿಸುವ ಜಾಣ. ಇನ್ನೊಂದು ಚಿಕ್ಕದು, ಕಪ್ಪು ಬಿಳಿ, ಎರಡೇ ಗುಂಡಿ, ದಪ್ಪ ದಪ್ಪ ಅಂಕಿ, ಹಳೆಯ ಕ್ಯಾಲ್ಕುಲೇಟರಿನ ತಮ್ಮನ ಹಾಗಿತ್ತು.

“ಇದರಲ್ಲಿ ಯಾವುದು ಒಳ್ಳೇದು?”

“ಗಾಬರಿಯಲ್ಲಿದ್ದಾಗ ಒಂದೇ ನೋಟಕ್ಕೆ ಯಾವುದು ಅರ್ಥ ಆಗುತ್ತೋ ಅದು. ಎರಡೂ ತಗೊಂಡು ಹೋಗಿ, ಕಟ್ಟಿ ನೋಡಿ, ಗುಂಡಿ ಒತ್ತಿ ನೋಡಿ. ಎರಡು ಗಂಟೆಗೆ ಒಂದನ್ನ ವಾಪಸ್ ತನ್ನಿ. ನೀರಿಗೆ ಮಾತ್ರ ಹಾಕ್ಬೇಡಿ, ಹೊಸದು.”

ನಿಮಿಷಣ್ಣ ಎರಡನ್ನೂ ಎದೆಗವಚಿಕೊಂಡು ತಮ್ಮ ಅಂಗಡಿಗೆ ಬಂದರು. ಬಾಗಿಲು ತೆರೆಯುವುದಕ್ಕೇ ಕಾದಿದ್ದವನ ಹಾಗೆ ಪಕ್ಕದಂಗಡಿಯ ದರ್ಜಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಒಳಗೆ ಬಂದ. ಎದುರಿನ ಔಷಧಿ ಅಂಗಡಿಯವರು ತಮ್ಮ ಗಿರಾಕಿಗೆ ಮಾತ್ರೆ ಕೊಟ್ಟು, ಚಿಲ್ಲರೆ ಕೊಡುವುದನ್ನು ಮರೆತು ರಸ್ತೆ ದಾಟಿದರು. ಅಂಗಡಿಯ ಮೇಲಿನ ಮನೆಯಲ್ಲಿದ್ದ ನಿಮಿಷಣ್ಣನ ಅಕ್ಕ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಕನ್ನಡಕ ಒರೆಸಿಕೊಳ್ಳುತ್ತ ಮೆಟ್ಟಿಲಿಳಿದರು.

“ದೊಡ್ಡದೇ ತಗೊಳ್ಳಿ ಅಣ್ಣ,” ಎಂದ ದರ್ಜಿ. “ಕೈ ಮೇಲೆ ಎದ್ದು ಕಾಣ್ಬೇಕು.”

“ಮೀನಿಗೆ ಎದ್ದು ಕಂಡ್ರೆ ಏನು ಬಂತು?” ಎಂದರು ಔಷಧಿಯವರು. “ಚಿಕ್ಕದು. ಗುಂಡಿ ಕಮ್ಮಿ ಇದ್ದಷ್ಟೂ ತಪ್ಪು ಕಮ್ಮಿ. ನಾನು ಗುಳಿಗೆ ಚೀಟಿ ಓದೋನು, ನನ್ನ ಕೇಳಿ.”

ಅಕ್ಕ ಆಗಲೇ ಡಬ್ಬಿಯಿಂದ ಕೈಪಿಡಿ ತೆಗೆದು, ಪ್ರಾರ್ಥನೆಗೆ ನಿಂತ ಮಕ್ಕಳಿಗೆ ಓದಿ ಹೇಳುವ ಗಟ್ಟಿ ದನಿಯಲ್ಲಿ ಶುರುಮಾಡಿದ್ದರು. “ಎಚ್ಚರಿಕೆ ಒಂದು. ಈ ಉಪಕರಣ ಬಳಸುವವರ ಮರಣಕ್ಕೆ ತಯಾರಕರು ಹೊಣೆಯಲ್ಲ. ಎಚ್ಚರಿಕೆ ಎರಡು...”

“ಅಕ್ಕಾ, ಸ್ವಲ್ಪ ಸುಮ್ನಿರೇ!”

“ಇಪ್ಪತ್ತಾರು ಎಚ್ಚರಿಕೆ ಇದೆ ಕಣೋ. ಮಗಳನ್ನ ಕಳಿಸೋನು ಎಲ್ಲಾ ಕೇಳಿಸ್ಕೋಬೇಕು.”

ಮರಣ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಿಮಿಷಣ್ಣ ಎರಡೂ ಯಂತ್ರಗಳನ್ನು ತಿರುಗಿಸಿ ಬೆನ್ನ ಮುಚ್ಚಳದ ಸಂದು ನೋಡಿದರು. ಬಣ್ಣ, ಗುಂಡಿ, ದಿಕ್ಸೂಚಿ ಎಲ್ಲ ಆಮೇಲಿನ ಮಾತು. ನೀರು ಒಳಗೆ ಹೋಗುತ್ತದೋ ಇಲ್ಲವೋ? ಮಗಳು ಆ ಕತ್ತಲ ನೀರಿನಲ್ಲಿ ಮಣಿಕಟ್ಟು ನೋಡಿಕೊಂಡಾಗ ಗಾಜಿನೊಳಗೆ ಬೆವರು ಕಂಡರೆ? ಅವರ ದೃಷ್ಟಿ ಗೋಡೆ ಪಕ್ಕದ ಪರೀಕ್ಷೆಯ ಯಂತ್ರದ ಮೇಲೆ ಹೋಯಿತು. ದಪ್ಪ ಪಾರದರ್ಶಕ ಬಾಟಲಿ, ಅರ್ಧದಷ್ಟು ನೀರು, ಪಕ್ಕದಲ್ಲಿ ಕೈಪಂಪು, ಒತ್ತಡ ತೋರಿಸುವ ಮುಳ್ಳು. ಗಡಿಯಾರವನ್ನು ಒಳಗಿಳಿಸಿ ಪಂಪು ಹೊಡೆದರೆ ಆಳ ಸಮುದ್ರದಲ್ಲಿ ಎಷ್ಟು ಒತ್ತಡವೋ ಅಷ್ಟೂ ಮೇಜಿನ ಮೇಲೆಯೇ ಹುಟ್ಟುತ್ತಿತ್ತು.

ನೀರಿಗೆ ಹಾಕಬೇಡಿ ಎಂದು ಕ್ಯಾಪ್ಟನ್ ಹೇಳಿದ್ದು ನೆನಪಿತ್ತು. ಆದರೆ ಆಕೆ ಹೇಳಿದ್ದು ಸಮುದ್ರದ ನೀರು, ಇದು ನಲ್ಲಿ ನೀರು ಎಂದು ಅವರು ತಮ್ಮನ್ನು ತಾವೇ ಒಪ್ಪಿಸಿಕೊಂಡರು.

ಮೊದಲು ಚಿಕ್ಕದು. ಬಾಟಲಿಯೊಳಗೆ ಇಳಿಸಿ, ಮುಚ್ಚಳ ಬಿಗಿದು, ಪಂಪು ಹೊಡೆದರು. ನೀರು ತಾಕಿದ್ದೇ ಯಂತ್ರ ಎಚ್ಚೆತ್ತಿತು. ಐದು ಮೀಟರ್. ಹನ್ನೆರಡು. ಇಪ್ಪತ್ತು. ದರ್ಜಿ ಉಸಿರು ಬಿಗಿಹಿಡಿದು, ತಾನೇ ಇಳಿಯುತ್ತಿರುವವನಂತೆ ಕೆನ್ನೆ ಊದಿಸಿದ. ಮೂವತ್ತಕ್ಕೆ ಬಂದಾಗ ನಿಮಿಷಣ್ಣ ಪಂಪು ಬಿಟ್ಟರು. ಒಂದು ಗುಳ್ಳೆಯೂ ಏಳಲಿಲ್ಲ.

“ಭಲೇ!” ಎಂದರು ಔಷಧಿಯವರು.

“ಒಂದೈದು ನಿಮಿಷ ಅಲ್ಲೇ ಇರ್ಲಿ,” ಎಂದರು ನಿಮಿಷಣ್ಣ.

ಅಷ್ಟರಲ್ಲಿ ದರ್ಜಿ ದೊಡ್ಡದರ ಪಟ್ಟಿ ಹಿಡಿದು ತಕರಾರು ತೆಗೆದ. “ಅಣ್ಣ, ನೀರಿಗಿಳಿಯೋರು ದಪ್ಪ ರಬ್ಬರ್ ಅಂಗಿ ಹಾಕ್ಕೊಳ್ತಾರೆ. ಅದರ ತೋಳಿನ ಮೇಲೆ ಈ ಪಟ್ಟಿ ಸುತ್ತುತ್ತಾ? ಅಳತೆ ನೋಡ್ಬೇಡ್ವಾ?” ಅಳತೆಯ ವಿಷಯದಲ್ಲಿ ದರ್ಜಿಯ ಮಾತು ತೆಗೆದುಹಾಕುವಂತಿರಲಿಲ್ಲ. ನಾಲ್ವರೂ ಪಕ್ಕದ ಹೊಲಿಗೆ ಅಂಗಡಿಗೆ ನಡೆದರು. ದರ್ಜಿ ಕೋಟಿನೊಳಗೆ ಹಾಕುವ ದಪ್ಪ ಬಟ್ಟೆಯನ್ನು ನಿಮಿಷಣ್ಣನ ಕೈಗೆ ಮೂರು ಸುತ್ತು ಸುತ್ತಿ, ಸೂಜಿ ಚುಚ್ಚಿ, ಮೇಲೆ ಕಂಪ್ಯೂಟರ್ ಬಿಗಿದ. ಮೂರು ಸುತ್ತು ಜಾಸ್ತಿಯಾಯಿತು ಎಂದರು ಔಷಧಿಯವರು. ಎರಡು ಸುತ್ತಿಗೆ ಸಡಿಲ ಎಂದ ದರ್ಜಿ. ಸಮುದ್ರದಾಳದಲ್ಲಿ ರಬ್ಬರ್ ಒತ್ತಿಹೋಗಿ ಅಂಗಿ ತೆಳ್ಳಗಾಗುತ್ತದೆ, ಪುಟ ನಲವತ್ತೊಂದು ನೋಡಿ ಎಂದರು ಅಕ್ಕ. ಮತ್ತೆ ಬಿಚ್ಚಿ ಮತ್ತೆ ಸುತ್ತಿದರು. ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಆ ಸದ್ದಿನಲ್ಲಿ ಪಕ್ಕದಂಗಡಿಯಿಂದ ಬರುತ್ತಿದ್ದ ಸಣ್ಣ ಪೀಂಪೀಂ ಯಾರಿಗೂ ಕೇಳಲಿಲ್ಲ.

ನಿಮಿಷಣ್ಣ ಗೋಡೆ ಗಡಿಯಾರ ನೋಡಿದಾಗ ಹನ್ನೊಂದು ಇಪ್ಪತ್ತೈದು.

“ಅಯ್ಯೋ, ಬಾಟಲಿ!”

ಕೈಯಿಂದ ಬಟ್ಟೆಯ ತುದಿ ಬಾಲದಂತೆ ಎಳೆದಾಡುತ್ತಿದ್ದ ಹಾಗೇ ಓಡಿದರು. ಬಾಟಲಿಯೊಳಗೆ ಚಿಕ್ಕ ಯಂತ್ರ ಮಿನುಗುತ್ತ, ಕಿರುಚುತ್ತ, ಕುಲುಕಾಡುತ್ತ ಇತ್ತು. ಮೂವತ್ತು ಮೀಟರ್, ನಲವತ್ತಮೂರು ನಿಮಿಷ. ಕೆಳಗೆ ಇನ್ನಷ್ಟು ಅಂಕಿ.

ನಿಮಿಷಣ್ಣ ಗಾಳಿ ಬಿಡುವ ತಿರುಪಿಗೆ ಕೈ ಹಾಕಿದರು.

“ಮುಟ್ಬೇಡಿ!” ಔಷಧಿಯವರು ಅವರ ಮಣಿಕಟ್ಟು ಹಿಡಿದರು. “ಫಕ್ಕನೆ ಬಿಟ್ರೆ ಮುಗೀತು. ಸೋಡಾ ಬಾಟಲಿ ನೋಡಿಲ್ವಾ? ಮುಚ್ಚಳ ಫಟ್ ಅಂತ ತೆಗೆದ್ರೆ ಬುರುಗು ಉಕ್ಕುತ್ತೆ. ಆಳದಿಂದ ಬೇಗ ಮೇಲೆ ಬಂದ ಮನುಷ್ಯನ ರಕ್ತಾನೂ ಹಾಗೇ.”

“ಇದರೊಳಗೆ ಮನುಷ್ಯ ಇಲ್ಲವಲ್ಲ ಸ್ವಾಮಿ,” ಎಂದ ದರ್ಜಿ.

“ಅದು ಯಂತ್ರಕ್ಕೆ ಗೊತ್ತಾ?”

ಅಕ್ಕ ಸರಸರ ಪುಟ ತಿರುವಿ ಪರದೆಯ ಅಂಕಿಗಳಿಗೆ ಹೋಲಿಸಿದರು. “ಆರು ಮೀಟರಿಗೆ ಬಂದು ನಾಲ್ಕು ನಿಮಿಷ ನಿಲ್ಲಿಸ್ಬೇಕು. ಮೂರು ಮೀಟರಿಗೆ ಬಂದು ಹತ್ತೊಂಬತ್ತು ನಿಮಿಷ. ಆಮೇಲೇ ಮೇಲೆ. ತಪ್ಪಿದ್ರೆ ಬೀಗ.”

ನಿಮಿಷಣ್ಣನ ಕೈ ನಡುಗುತ್ತಿತ್ತು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೈ ಅದು, ಈಗ ತಿರುಪಿನ ಹತ್ತಿರ ಹೋದರೆ ಸಾಕು ತಾಳ ಹಾಕುತ್ತಿತ್ತು. ಸೂಜಿಗೆ ದಾರ ಪೋಣಿಸುವ ಅಭ್ಯಾಸವಿದೆಯೆಂದು ದರ್ಜಿಯನ್ನು ತಿರುಪಿಗೆ ಕೂರಿಸಿದರು. ಔಷಧಿಯವರು ನಾಡಿ ಹಿಡಿದವರಂತೆ ಬಾಟಲಿಯ ಮೇಲೆ ಎರಡು ಬೆರಳಿಟ್ಟು, “ನಿಧಾನ... ಇನ್ನೂ ನಿಧಾನ...” ಎನ್ನುತ್ತಿದ್ದರು. ಇಪ್ಪತ್ತೆರಡು. ಹದಿನೈದು. ಒಂಬತ್ತು. ದರ್ಜಿಯ ಮೂಗಿನ ತುದಿಯಲ್ಲಿ ಬೆವರ ಹನಿ ತೂಗಾಡಿತು. ಅಕ್ಕ ತಮ್ಮ ಸೆರಗಿನಿಂದ ಒರೆಸಿದರು. ಆರಕ್ಕೆ ಬಂದು ನಿಂತಿತು. ನಾಲ್ಕು ನಿಮಿಷವನ್ನು ನಾಲ್ಕು ಜನವೂ ಗೋಡೆಯ ಗಡಿಯಾರ ನೋಡಿ ಎಣಿಸಿದರು. ಕಿರುಚಾಟ ನಿಂತಿತು.

ಮೂರು ಮೀಟರಿಗೆ ಬಂದಾಗ ಒಬ್ಬ ಗಿರಾಕಿ ಬಾಗಿಲು ತಳ್ಳಿಕೊಂಡು ಒಳಗೆ ಬಂದ. “ನನ್ನ ಅಲಾರಾಂ ಗಡಿಯಾರ...”

“ಶ್!” ಎಂದರು ನಾಲ್ವರೂ. “ಮೂರು ಮೀಟರಲ್ಲಿದೀವಿ!”

ಆತ ಬಾಟಲಿಯನ್ನು ನೋಡಿದ, ಅವರ ಮುಖಗಳನ್ನು ನೋಡಿದ, ಚಪ್ಪಲಿ ಬಿಟ್ಟು ಕೈಕಟ್ಟಿ ಮೂಲೆಯಲ್ಲಿ ನಿಂತ. ಹದಿನೈದು ನಿಮಿಷ ಬಾಕಿ. ಹದಿಮೂರು. ನಿಮಿಷಣ್ಣನಿಗೆ ಅದು ಯಂತ್ರ ಎನ್ನುವುದು ಯಾವಾಗಲೋ ಮರೆತುಹೋಗಿತ್ತು. ಮಗಳೇ ಒಳಗಿದ್ದಾಳೆ, ಮುಖ ಮೇಲೆತ್ತಿ ಬೆಳಕು ನೋಡುತ್ತಿದ್ದಾಳೆ, ಇನ್ನು ಸ್ವಲ್ಪ ಹೊತ್ತು ತಡಕೋ ಪುಟ್ಟಿ ಎಂದು ಬಾಯಿ ತಾನಾಗಿ ಪಿಸುಗುಟ್ಟುತ್ತಿತ್ತು.

ಹನ್ನೊಂದು ನಿಮಿಷ ಬಾಕಿಯಿತ್ತು. ಮೇಜಿನ ಮೇಲಿದ್ದ ಅವರ ಫೋನು ಗರ್ರೆಂದು ನಡುಗಿ, ಹಿತ್ತಾಳೆ ತಟ್ಟೆಯೊಳಗಿನ ತಿರುಪುಗಳನ್ನೆಲ್ಲ ಕುಣಿಸಿ, ಬೊಬ್ಬೆ ಹೊಡೆಯಿತು. ದರ್ಜಿ ಎಗರಿಬಿದ್ದ. ಅವನ ಕೈಯಲ್ಲಿದ್ದ ತಿರುಪು ಪೂರ್ತಿ ತಿರುಗಿತು.

ಬುಸ್ಸ್ ಎಂದು ಗಾಳಿ ಹೊರಬಿದ್ದು ಕೈಪಿಡಿಯ ಪುಟಗಳು ಹಾರಾಡಿದವು. ಮುಳ್ಳು ಸೊನ್ನೆಗೆ ಬಿತ್ತು. ಬಾಟಲಿಯೊಳಗಿಂದ ಕಿವಿ ಸೀಳುವ ಒಂದು ಕಿರುಚು. ಆಮೇಲೆ ಪರದೆಯ ಮೇಲೆ ಬೀಗದ ಚಿತ್ರ.

“ಹೋಯ್ತು,” ಎಂದರು ಔಷಧಿಯವರು, ಬಾಟಲಿಯಿಂದ ಬೆರಳು ತೆಗೆದು.

ಮೂಲೆಯ ಗಿರಾಕಿ ತಲೆ ತಗ್ಗಿಸಿ, ಚಪ್ಪಲಿ ಮೆಟ್ಟಿಕೊಂಡು, ಸದ್ದಿಲ್ಲದೆ ಹೊರಟುಹೋದ.

ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಮಗಳು. “ಅಪ್ಪಾ, ಏನ್ಮಾಡ್ತಿದೀರಿ?”

“ಏನಿಲ್ಲ ಪುಟ್ಟಿ. ಸುಮ್ನೆ ಕೂತಿದೀನಿ.”

“ಆರಿಸಿದ್ರಾ?”

“ಒಂದ್ನಿಮಿಷ,” ಎಂದು ನಿಮಿಷಣ್ಣ ಫೋನ್ ಇಟ್ಟರು.

ಆಯ್ಕೆ ತಾನಾಗಿಯೇ ಆಗಿಹೋಗಿತ್ತು. ದೊಡ್ಡದು ಮಗಳಿಗೆ. ಚಿಕ್ಕದನ್ನು ಒರೆಸಿ, ಡಬ್ಬಿಗೆ ಹಾಕಿ, ಏನೂ ಗೊತ್ತಿಲ್ಲದವರ ಹಾಗೆ ವಾಪಸ್ ಕೊಟ್ಟುಬಿಡುವುದು. ಆದರೆ ಬೀಗ ಹಾಕಿಕೊಂಡ ಯಂತ್ರ ಡಬ್ಬಿಯೊಳಗೂ ಎರಡೆರಡು ನಿಮಿಷಕ್ಕೆ ಪೀಂ ಎನ್ನುತ್ತಿತ್ತು. ಬಟ್ಟೆ ಸುತ್ತಿದರು, ಪೀಂ. ಸೊಂಟದ ಜೇಬಿಗೆ ಹಾಕಿದರು, ಪೀಂ. ಕೊನೆಗೆ ಮಣಿಕಟ್ಟಿಗೇ ಬಿಗಿಯಾಗಿ ಕಟ್ಟಿ, ತುಂಬುತೋಳಿನ ಅಂಗಿಯ ಗುಂಡಿ ಹಾಕಿ, ಮೇಲೆ ಇನ್ನೊಂದು ಕೈ ಒತ್ತಿ ಹಿಡಿದರೆ ಸದ್ದು ಗುಬ್ಬಿಮರಿಯಷ್ಟಾಯಿತು. ಕ್ಯಾಪ್ಟನ್ ಅತ್ತ ತಿರುಗಿದಾಗ ಬಿಚ್ಚಿ ಡಬ್ಬಿಗೆ ಸೇರಿಸಿದರಾಯಿತು.

ಎರಡು ಗಂಟೆಗೆ ದೋಣಿಕಟ್ಟೆಯಲ್ಲಿ ಎಲ್ಲರೂ ಸೇರಿದ್ದರು. ಮಗಳು ಆಗಲೇ ಕಪ್ಪು ರಬ್ಬರ್ ಅಂಗಿ ತೊಟ್ಟು, ಸಿಲಿಂಡರ್ ಸಾಲಿನ ಪಕ್ಕ ಕೂತಿದ್ದಳು. ಅಕ್ಕ, ದರ್ಜಿ, ಔಷಧಿಯವರು ಅರ್ಧ ಗಂಟೆ ಮೊದಲೇ ಬಂದು ಅವಳ ಸುತ್ತ ನಿಂತಿದ್ದರು. ನಿಮಿಷಣ್ಣ ದೊಡ್ಡದನ್ನು ಮಗಳ ಕೈಗೆ ತಾವೇ ಕಟ್ಟಿದರು.

“ಇನ್ನೊಂದು?” ಎಂದರು ಕ್ಯಾಪ್ಟನ್.

ತೋಳಿನೊಳಗಿಂದ ಗುಬ್ಬಿಮರಿ ಪೀಂ ಎಂದಿತು.

ಕ್ಯಾಪ್ಟನ್ ಅವರ ಅಂಗಿಯ ಗುಂಡಿ ಬಿಚ್ಚಿ ತೋಳು ಸರಿಸಿದರು. ಪರದೆ ನೋಡಿದರು. ಆಕೆಯ ಹುಬ್ಬು ಗಂಟಾಯಿತು. “ಮೂವತ್ತು ಮೀಟರ್. ನಲವತ್ತಮೂರು ನಿಮಿಷ. ಹನ್ನೊಂದು ನಿಮಿಷ ಬಾಕಿ ಇರೋವಾಗ್ಲೇ ಮೇಲಕ್ಕೆ ನೆಗೆತ.” ಕಣ್ಣೆತ್ತಿ ನಿಮಿಷಣ್ಣನನ್ನೇ ದಿಟ್ಟಿಸಿದರು. “ಸರ್, ನೆಟ್ಟಗೆ ನಿಂತ್ಕೊಳ್ಳಿ. ಕೀಲು ನೋವಿದೆಯಾ?”

“ಮೊಣಕಾಲು. ಅದು ಎಂಟು ವರ್ಷದಿಂದ...”

“ಬೆರಳು ಜೋಮು ಹಿಡಿಯುತ್ತಾ?”

“ಚಿಮುಟ ಹಿಡಿದೂ ಹಿಡಿದೂ ಸ್ವಲ್ಪ...”

“ಸುಸ್ತು? ಬೆವರು?”

ನಿಮಿಷಣ್ಣ ಹಣೆ ಮುಟ್ಟಿ ನೋಡಿಕೊಂಡರು. ಕೈ ಒದ್ದೆಯಾಯಿತು.

“ಮಲಗಿಸಿ!” ಎಂದರು ಕ್ಯಾಪ್ಟನ್. ದರ್ಜಿ ಕಾಲು ಹಿಡಿದ, ಔಷಧಿಯವರು ಭುಜ ಹಿಡಿದರು. ನಿಮಿಷಣ್ಣ ಗಾಳಿಯಲ್ಲೇ ಒದ್ದಾಡಿದರು. “ಅಮ್ಮಾ, ನಾನು ನೀರಿಗಿಳಿದಿಲ್ಲ! ಅದು ಬಾಟಲಿ. ಬಾಟಲಿಯಿಂದ ಆಗಿದ್ದು!”

“ಬಾಟಲಿನೂ ಇತ್ತಾ?” ಕ್ಯಾಪ್ಟನ್ನರ ಮುಖ ಇನ್ನಷ್ಟು ಗಂಭೀರವಾಯಿತು. “ಕುಡಿದು ಇಳಿದಿದೀರಾ?”

“ಅಯ್ಯೋ, ಕುಡಿಯೋ ಬಾಟಲಿ ಅಲ್ಲ! ಇವರೆಲ್ಲ ಸಾಕ್ಷಿ, ಕೇಳಿ!”

ಕ್ಯಾಪ್ಟನ್ ಕೇಳಿದರು. ದರ್ಜಿ ಸಮುದ್ರದ ಕಡೆ ನೋಡುತ್ತ, “ನಾನು ಬೆಳಗ್ಗಿಂದ ಹೊಲಿಗೆಯಲ್ಲೇ ಇದ್ದೆ, ತಲೆ ಎತ್ತಲಿಲ್ಲ,” ಎಂದ. ಔಷಧಿಯವರು ಗಂಟಲು ಸರಿಪಡಿಸಿಕೊಂಡು, “ಮೂವತ್ತು ಮೀಟರ್, ನಲವತ್ತಮೂರು ನಿಮಿಷ. ಕಣ್ಣಾರೆ ನೋಡಿದೀನಿ. ಮೇಲೆ ಬರೋವಾಗ ಕೈ ಜಾರಿತು,” ಎಂದರು. ನಿಮಿಷಣ್ಣ ಕೊನೆಯ ಆಸೆಯಿಂದ ಒಡಹುಟ್ಟಿದವಳ ಮುಖ ನೋಡಿದರು.

“ಇವನು ಚಿಕ್ಕಂದಿನಿಂದ ಹೀಗೇ,” ಎಂದರು ಅಕ್ಕ. “ಮಾಡಿದ್ದನ್ನ ಒಪ್ಕೊಳ್ಳಲ್ಲ.”

“ಅಸಂಬದ್ಧ ಮಾತು, ಎಲ್ಲರ ಮೇಲೆ ಅನುಮಾನ,” ಎಂದು ಕ್ಯಾಪ್ಟನ್ ಬೆರಳು ಮಡಿಚಿದರು. “ಇದೂ ಒಂದು ಲಕ್ಷಣವೇ.”

ಅಂಗಡಿಯ ಹಿಂದಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿ, ಮೂಗು ಬಾಯಿ ಮುಚ್ಚುವ ಮುಖವಾಡ ಹಾಕಿ, ಕೊಳವೆಯನ್ನು ಸಿಲಿಂಡರಿಗೆ ಸೇರಿಸಿದರು. ಅಕ್ಕ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಪರೀಕ್ಷೆಯ ಕೊಠಡಿ ಕಾಯುವವರಂತೆ ಕೂತರು. ಮೂರು ತಾಸು ಅಲುಗಾಡುವಂತಿಲ್ಲ, ಆಮೇಲೂ ಕ್ಯಾಪ್ಟನ್ ಬಂದು ಹೇಳುವ ತನಕ ಏಳುವಂತಿಲ್ಲ ಎಂದು ಅಪ್ಪಣೆಯಾಯಿತು. ಮಗಳು ಬಂದು ಅವರ ಹಣೆ ಸವರಿ, “ಅಪ್ಪ, ಸುಮ್ನೆ ಉಸಿರಾಡಿ,” ಎಂದಳು. ಅವಳ ತುಟಿ ಅದುರುತ್ತಿತ್ತು. ಪಾಪ, ಅಳು ತಡೆದುಕೊಂಡಿದ್ದಾಳೆ ಎಂದುಕೊಂಡರು ನಿಮಿಷಣ್ಣ.

ಆಮೇಲೆ ದೋಣಿಯ ಎಂಜಿನ್ ಸದ್ದು ಕೇಳಿಸಿತು.

ಅವರು ಎದ್ದು ಕೂರಲು ನೋಡಿದರು. ಅಕ್ಕನ ಅಂಗೈ ಎದೆಯ ಮೇಲೆ ಬಿತ್ತು. “ಮಲಗು.”

ಸದ್ದು ಸಣ್ಣಗಾಗುತ್ತ ಹೋಗಿ ಇಲ್ಲವಾಯಿತು. ನಿಮಿಷಣ್ಣ ಮುಖವಾಡದೊಳಗೆ ಉಸಿರಾಡುತ್ತ ಸೂರು ನೋಡಿದರು. ದೊಡ್ಡದನ್ನು ಅವರು ಪರೀಕ್ಷಿಸಿಯೇ ಇರಲಿಲ್ಲ. ಗಾಜಿನೊಳಗೆ ಬೆವರು ಬಂದರೆ? ನಾಲ್ಕು ಗುಂಡಿಯಲ್ಲಿ ತಪ್ಪು ಗುಂಡಿ ಒತ್ತಿದರೆ? ಈಗ ಇಳಿದಿರಬೇಕು. ಈಗ ಹತ್ತು ಮೀಟರ್. ಎದುರು ಗೋಡೆಯ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು; ಅದರ ಲೋಲಕ ಎಡಕ್ಕೆ ಕುಂಟುತ್ತಿತ್ತು. ಅದನ್ನು ಸರಿಮಾಡಲಾರದೆ, ಅದನ್ನು ಬಿಟ್ಟು ಬೇರೇನನ್ನೂ ನೋಡಲಾರದೆ ಅವರು ಮಗಳ ಒಂದೊಂದು ಉಸಿರನ್ನೂ ತಮ್ಮ ಉಸಿರಿನಲ್ಲಿ ಎಣಿಸಿದರು. ನಾಲ್ಕೂವರೆಯಾಯಿತು. ಐದಾಯಿತು. ದೋಣಿಯ ಸುಳಿವಿಲ್ಲ. ಕಣ್ಣಿನ ಕೊನೆಯಿಂದ ನೀರು ಕಿವಿಯ ಕಡೆ ಹರಿದದ್ದನ್ನು ಅಕ್ಕ ನೋಡಿ, ಕೈಪಿಡಿ ಮುಚ್ಚಿ, “ಬರ್ತಾಳೆ ಕಣೋ, ಇನ್ನೇನು ಬಂದೇ ಬಿಟ್ಳು,” ಎಂದರು. ಆ ದನಿ ಮುಖ್ಯೋಪಾಧ್ಯಾಯಿನಿಯದಾಗಿರಲಿಲ್ಲ.

ಐದೂ ಇಪ್ಪತ್ತಕ್ಕೆ ಎಂಜಿನ್ ಸದ್ದು. ಹೊರಗೆ ನಗು. ಒದ್ದೆ ಕೂದಲಿನ ಮಗಳು ಬಾಗಿಲಲ್ಲಿ ನಿಂತಳು. ಮುಖವೆಲ್ಲ ಬೆಳಕು.

“ಅಪ್ಪಾ! ಒಂದು ಆಮೆ ನನ್ನ ಪಕ್ಕದಲ್ಲೇ ಹೋಯ್ತು. ನನ್ನನ್ನ ನೋಡಿ ಅದಕ್ಕೆ ಏನೂ ಅನ್ನಿಸ್ಲೇ ಇಲ್ಲ!”

ನಿಮಿಷಣ್ಣ ಮುಖವಾಡ ಕಿತ್ತು, ಅವಳ ಕೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಎಲ್ಲ ಇದ್ದವು. ಆಮೇಲೆ ಸಿಟ್ಟು ಬಂತು. “ನಾನು ಸಾಯ್ತಾ ಬಿದ್ದಿದ್ರೆ ನೀನು ಆಮೆ ನೋಡೋಕೆ ಹೋದ್ಯಾ?”

“ಸಾಯೋರು ಯಾರು ಅಪ್ಪ? ಆ ಸಿಲಿಂಡರಿನಲ್ಲಿ ಇರೋದು ಆಕ್ಸಿಜನ್ ಅಲ್ಲ, ಬರೀ ಗಾಳಿ.”

ದರ್ಜಿ ಟೇಪು ಸುತ್ತತೊಡಗಿದ.

“ಡ್ಯೂಟಿ ಮುಗಿಸಿ ನಿಮ್ಮ ಅಂಗಡಿ ಮುಂದೆ ಬಂದೆ,” ಎಂದಳು ಮಗಳು, ಮಂಚದ ಅಂಚಿನಲ್ಲಿ ಕೂತು. “ಗಾಜಿನಲ್ಲಿ ನೋಡಿದ್ರೆ ನಾಲ್ಕು ಜನ ಬಾಟಲಿ ಸುತ್ತ ಹೆರಿಗೆ ಮಾಡಿಸೋರ ಥರ ನಿಂತಿದೀರಿ. ಏನಿದು ಅಂತ ಹೊರಗಿಂದಾನೇ ಫೋನ್ ಮಾಡಿದೆ. ಬುಸ್ಸ್ ಅಂತು. ನೀವು ‘ಸುಮ್ನೆ ಕೂತಿದೀನಿ’ ಅಂದ್ರಿ. ಆಗಲೇ ಕ್ಯಾಪ್ಟನ್‌ಗೆ ಹೇಳ್ದೆ, ಅತ್ತೆಗೂ ಹೇಳ್ದೆ. ತಿರುಪು ತಿರುಗಿಸಿದ್ದು ಯಾರು, ಪಕ್ಕದಲ್ಲಿ ನಿಂತು ಹೇಳ್ಕೊಟ್ಟಿದ್ದು ಯಾರು ಅಂತ ಊರಿಗೆಲ್ಲ ಹೇಳ್ಬಿಡ್ತೀನಿ ಅಂದಿದ್ದಕ್ಕೆ ಇವರಿಬ್ಬರೂ ಒಪ್ಕೊಂಡ್ರು.”

“ಯಾಕೆ ಪುಟ್ಟಿ? ಯಾಕೆ ಹೀಗೆ ಮಾಡ್ದೆ?”

“ಈಜುಕೊಳದ ಪರೀಕ್ಷೆ ದಿನ ನೆನಪಿದೆಯಾ? ನಾನು ತಳದಲ್ಲಿ ಕೂತು ಡೈವಿಂಗ್ ಕನ್ನಡಕ ತೆಗೆದು ಹಾಕೋ ಪರೀಕ್ಷೆ ಕೊಡ್ತಿದ್ದೆ. ನೀವು ಮುಳುಗಿದ್ಲು ಅಂತ ಉದ್ದನೇ ಕೋಲು ಹಾಕಿ ನನ್ನ ಕತ್ತಿನ ಪಟ್ಟಿ ಹಿಡಿದು ಮೇಲೆಳೆದ್ರಿ. ನಾನು ಫೇಲಾದೆ, ಇನ್ನೊಂದು ದಿನ ಮತ್ತೆ ಕೊಡ್ಬೇಕಾಯ್ತು. ನನ್ನ ಪಕ್ಕದವರನ್ನೂ ಎಳೆದ್ರಿ, ಅವರೂ ಫೇಲು. ದೋಣಿಗೆ ನಿಮ್ಮನ್ನ ಕರ್ಕೊಂಡು ಹೋಗಿದ್ರೆ ಲಂಗರು ಎತ್ತಿಬಿಡ್ತಿದ್ರಿ ಅಪ್ಪ.”

ನಿಮಿಷಣ್ಣ ಅಕ್ಕನನ್ನು ನೋಡಿದರು, ದರ್ಜಿಯನ್ನು ನೋಡಿದರು, ಔಷಧಿಯವರನ್ನು ನೋಡಿದರು. ಬೈಯಲು ಬಾಯಿ ತೆರೆದರು. ಎದುರಿಗೆ ಒದ್ದೆ ಕೂದಲು ಇನ್ನೂ ಹನಿಯುತ್ತಿತ್ತು. ಬಾಯಿ ಹಾಗೇ ಮುಚ್ಚಿತು.

“ಆಯ್ತು, ಎಲ್ಲಾ ಆಯ್ತಲ್ಲ,” ಎಂದರು ಕೊನೆಗೆ. “ಮುಂದಿನ ಸಲ ಯಾವಾಗ?”

“ಭಾನುವಾರ ಮಧ್ಯಾಹ್ನ.”

“ಬರ್ತೀನಿ. ಕೋಲು ತರಲ್ಲ.”

ಕ್ಯಾಪ್ಟನ್ ಅಷ್ಟರಲ್ಲಿ ದಪ್ಪ ರಿಜಿಸ್ಟರ್ ತೆಗೆದು ಮಂಚದ ಮೇಲೆ ಬಿಡಿಸಿ, ಪೆನ್ನಿನ ಮುಚ್ಚಳ ಬಿಚ್ಚಿದ್ದರು. “ಇದೊಂದು ಬಾಕಿ ಇದೆ ಸರ್. ಹೊಸ ಯಂತ್ರ ಬೀಗ ಹಾಕ್ಕೊಂಡ್ರೆ ಯಾಕೆ ಅಂತ ಬರೆದು ಕಂಪನಿಗೆ ಕಳಿಸ್ಬೇಕು. ನಿಯಮ. ನಿಜಾನೇ ಬರೀತೀನಿ. ‘ಊರಿನ ಹಳೇ ಗಡಿಯಾರ ರಿಪೇರಿಯವರು ತಮ್ಮ ಅಂಗಡಿಯಲ್ಲಿ ಬಾಟಲಿಗೆ ಹಾಕಿ, ಮರೆತು, ಕೆಡಿಸಿದರು.’ ಸರಿಯಾ?”

ನಿಮಿಷಣ್ಣನ ಮುಖ ಕೆಂಪಗಾಯಿತು. ಮೂವತ್ತೆರಡು ವರ್ಷದ ಅಂಗಡಿ. ದರ್ಜಿ ಆ ಸಾಲನ್ನು ನಾಳೆ ಬೆಳಗ್ಗೆಯೊಳಗೆ ಎಷ್ಟು ಜನರಿಗೆ ಹೇಳಬಹುದು ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

“ಬೇರೆ ಥರ ಬರಿಯೋಕಾಗಲ್ವಾ?”

“ಆಗುತ್ತೆ. ಯಂತ್ರದೊಳಗೆ ಇರೋ ಲೆಕ್ಕದ ಪ್ರಕಾರ ಯಾರೋ ಕಟ್ಕೊಂಡು ಇಳಿದು, ಅವಸರದಲ್ಲಿ ಮೇಲೆ ಬಂದಿದಾರೆ. ಹಾಗೆ ಬರೆದ್ರೆ ಯಾರು ಅಂತ ಹೆಸರು ಬೇಕು.”

ನಿಮಿಷಣ್ಣ ಮಣಿಕಟ್ಟಿನ ಮೇಲಿದ್ದ ಬೀಗದ ಚಿತ್ರ ನೋಡಿಕೊಂಡರು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದರು: “ನಾನೇ ಮುಳುಗಿದ್ದೆ ಅಂತ ಬರ್ಕೊಳ್ಳಿ.”

ಕ್ಯಾಪ್ಟನ್ ಬರೆದರು. ನಿಮಿಷಣ್ಣ ನಡುಗದ ಕೈಯಿಂದ ಸಹಿ ಹಾಕಿದರು. ಮಗಳು ದೊಡ್ಡದನ್ನು ಮಣಿಕಟ್ಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟು, ಅಪ್ಪನ ಕೈಯಲ್ಲಿದ್ದ ಚಿಕ್ಕದನ್ನು ಮುಟ್ಟಿ ನೋಡಿದಳು.

“ನಂಗೆ ಇದೇ ಇರ್ಲಿ ಅಪ್ಪ. ದೊಡ್ಡದರಲ್ಲಿ ನೀರಿನೊಳಗೆ ಏನು ಓದ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಇದು ಭಾನುವಾರದ ಹೊತ್ತಿಗೆ ಸರಿಹೋಗುತ್ತಲ್ಲ ಕ್ಯಾಪ್ಟನ್?”

“ಅದಕ್ಕೆ ಎರಡೇ ದಿನ,” ಎಂದು ಕ್ಯಾಪ್ಟನ್ ನಿಮಿಷಣ್ಣನ ಸಹಿಯ ಕೆಳಗೆ ಇನ್ನೊಂದು ಸಾಲು ಬರೆದು, ರಿಜಿಸ್ಟರ್ ಮುಚ್ಚಿದರು. “ಅವಸರದಲ್ಲಿ ಮೇಲೆ ಬಂದ ಮನುಷ್ಯರನ್ನ ಒಂದು ತಿಂಗಳು ದೋಣಿ ಹತ್ತಿಸೋ ಹಾಗಿಲ್ಲ.”